ಕೆಂಪು ಪಟ್ಟಿಯ ಸಾಲು

ಪರೇಲಿನ ಪ್ರಾಣಿಮನೆಯ ಬೀಗ ಬೆಳಿಗ್ಗೆ ಏಳಕ್ಕೆ
ತೆಗೆಯುವವಳು ನಾನು.
ದಾದರಿನಲ್ಲಿ ಕಸಕ್ಕೆ ಬಿದ್ದ ಕೋಸಿನ ಹೊರದಳ,
ಕೊತ್ತಂಬರಿಯ ದಂಟು.
ಚೀಲ ಚರಚರ ಅಂದರೆ ಸಾಕು,
ನಲವತ್ತು ಗಿನಿಯಿಲಿ ಒಮ್ಮೆಗೇ ಸೀಟಿ ಹೊಡೆಯುತ್ತವೆ,
ಲೋಕಲ್ ಬಂತೆಂದು ಕೂಗುವ ಹುಡುಗರ ಹಾಗೆ.

ಪಕ್ಕದ ಕಪಾಟಿನ ಬಿಳಿ ಇಲಿಗಳಿಗೆ ಇದಾವುದೂ ಬೇಡ.
ಒಣ ಗುಳಿಗೆ, ನೀರು, ಮೇಲೊಂದು ನಿದ್ದೆ.
'ತಮಗೆ ಬೇಕಾದ ಸಿ ಜೀವಸತ್ವ ಅವು ಲಿವರಿನಲ್ಲೇ
ಮಾಡಿಕೊಳ್ತವೆ, ಯಮನವ್ವ' ಅಂದರು ಪೆಡ್ನೇಕರ್ ಮೇಡಂ.
'ಆಡಿಗೂ ಬರುತ್ತೆ, ನಾಯಿಗೂ ಬರುತ್ತೆ.
ಗಿನಿಯಿಲಿಗೆ ಬರೋದಿಲ್ಲ.
ನಿನಗೂ ಬರೋದಿಲ್ಲ, ನನಗೂ.'

ಸಂಜೆ ಧಾರಾವಿಯ ಓಣಿಯಲ್ಲಿ
ಬಕ್ರೀದಿಗೆ ಕಟ್ಟಿದ ಆಡೊಂದು
ರಟ್ಟಿನ ಪೆಟ್ಟಿಗೆ ಮೆಲ್ಲುತ್ತ ನನ್ನನ್ನೇ ನೋಡಿತು.
ಅದರ ಹೊಟ್ಟೆಯೊಳಗೆ ಈಗ, ಈ ರಟ್ಟಿನಿಂದ,
ಯಾವುದೋ ಅಡುಗೆ ಕುದಿಯುತ್ತಿದೆ.
ನಮ್ಮಲ್ಲೂ ಒಲೆಯಿದೆ, ಪಾತ್ರೆಯಿದೆ, ಮೂರು ಕುದಿ ಬಂದಿದೆ;
ಕೊನೆಯ ಸೌಟು ಮಾತ್ರ ಕಳೆದಿದೆ.
ಯಾವ ಮುತ್ತಜ್ಜಿ ಎಲ್ಲಿ ಬಿಟ್ಟಳೋ,
ಬಾಲ ಇದ್ದ ಕಾಲದಲ್ಲಿ.
ಮರದ ತುಂಬ ಹಣ್ಣಿತ್ತು. ಯಾರೂ ಹುಡುಕಲಿಲ್ಲ.

ಕೆಳಗಿನ ಸಾಲಿಗೆ ಕೆಂಪು ಪಟ್ಟಿಯ ಚೀಟಿ.
ಆ ಸಾಲಿಗೆ ಹಸಿರು ಕೂಡದು.
ಮೊದಲ ವಾರ ಅವೂ ಸೀಟಿ ಹೊಡೆದವು.
ಎರಡನೆಯ ವಾರ, ಒಂದೆರಡು.
ಮೂರರಲ್ಲಿ ಎತ್ತಿಕೊಂಡರೆ
ಕೀಲು ನೋವಿಗೆ ಕಿರ್ರೆಂದವು ಅಷ್ಟೇ.

ಅದೇ ವಾರ ನಮ್ಮಣ್ಣ ಹುಲಗಪ್ಪ,
ಮಸ್ಜಿದ್ ಬಂದರಿನಲ್ಲಿ ನಲವತ್ತು ವರ್ಷ ಗೋಣಿ ಹೊತ್ತವನು,
ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ.
ಹಸಿರು ಅಂತ ಅವನು ತಿಂದದ್ದು
ವಡಾಪಾವಿನ ಮೆಣಸಿನಕಾಯಿ ಒಂದೇ.
ರಸ್ತೆಯಾಚೆಯ ದೊಡ್ಡಾಸ್ಪತ್ರೆಯಲ್ಲಿ ಮಲಗಿಸಿದರು,
ನೆಲದ ಮೇಲೆ, ಇಬ್ಬರ ನಡುವೆ.

ಮೇಡಂಗೆ ಕೇಳಿದೆ. ಅವರು ಕನ್ನಡಕ ತೆಗೆದರು.
'ಗಿನಿಯಿಲಿಯಲ್ಲಿ ನಾನೇ ಕಂಡಿದೀನಿ.
ರಕ್ತನಾಳದ ಗೋಡೆ ಹೊಲಿಗೆ ಬಿಚ್ಚಿದ ಕುಪ್ಪಸದ ಹಾಗೆ,
ಅಲ್ಲಲ್ಲಿ ಕೊಬ್ಬಿನ ತೇಪೆ.
ಮನುಷ್ಯನಿಗೆ ಹಾಗೇ ಅಂತ ಹೇಳಲಾರೆ.
ಮುಷ್ಟಿಗಟ್ಟಲೆ ಗುಳಿಗೆ ನುಂಗಿದವರಿಗೂ ಎದೆ ನಿಂತಿದೆ.
ಡಾಕ್ಟರು ಕೊಟ್ಟದ್ದು ಬಿಡಿಸಬೇಡ.
ಹಣ್ಣು ಕೊಡು. ಹಣ್ಣಿಗೆ ಯಾರ ಅಪ್ಪಣೆ ಬೇಕು?'

ಹಣ್ಣಿಗೆ ಯಾರ ಅಪ್ಪಣೆ.
ಮರುದಿನ ಕೆಂಪು ಪಟ್ಟಿಯ ಎಡದಿಂದ ಮೂರನೆಯದಕ್ಕೆ,
ಕಿವಿಯ ಮೇಲೆ ಕರಿ ಮಚ್ಚೆಯದಕ್ಕೆ,
ಸೆರಗಿನ ಗಂಟಿನಿಂದ ಒಂದು ದಂಟು ಕೊತ್ತಂಬರಿ.
ಯಾಕೆ ಅದಕ್ಕೇ?
ಗೊತ್ತಿಲ್ಲ. ಅದು ಬಾಗಿಲಿಗೆ ಬಂದಿತ್ತು.
ಹದಿನಾರು ದಿನ, ಹದಿನಾರು ದಂಟು.

ಆಮೇಲೆ ಎಲ್ಲವನ್ನೂ ಕೊಂದರು. ಕೊಂದೇ ನೋಡಬೇಕಲ್ಲ.
ಅದನ್ನೂ.

'ಇದೊಂದು ಯಾಕೆ ಹೀಗೆ?' ಮೇಡಂ ಗೊಣಗಿದರು,
'ಬಾ, ನೀನೂ ನೋಡು.'
ಗಾಜಿನೊಳಗೆ ನಸುಗೆಂಪು ಉಂಗುರ,
ಒಂದು ಎಳೆ ಬಿಟ್ಟಿಲ್ಲ.
ನನ್ನ ಕಳ್ಳತನ ಎಷ್ಟು ಚಂದ ಕಾಣುತ್ತಿತ್ತು!
ಅಡಿಯಿಂದ ಕೊತ್ತಂಬರಿ ವಾಸನೆ ಬಂದಂತಾಯಿತು.
ನಾನು ಬಾಯಿ ಬಿಡಲಿಲ್ಲ.
ಅವರು ಆ ಅಂಕಿಯ ಮೇಲೆ ಗೀಟು ಎಳೆದು
ಲೆಕ್ಕದಿಂದ ಹೊರಗಿಟ್ಟರು,
ಎಳೆಯುವಾಗ ಒಮ್ಮೆ ನನ್ನ ಸೆರಗು ನೋಡಿದರು.

ಸಂಜೆ ವಾರ್ಡಿನಲ್ಲಿ ಪೇರಳೆ ಹಣ್ಣು ಹೆಚ್ಚಿ,
ಅಣ್ಣನಿಗೆ ಹಲ್ಲಿಲ್ಲ, ಚಮಚದಿಂದ ಕೆರೆದು ಕೊಟ್ಟೆ.
ಒಳ್ಳೆಯದಾದೀತು ಅಂತಲ್ಲ.
ಚೀಲದ ಸದ್ದಿಗೆ ಅವನು ಕಣ್ಣು ತೆರೆದಿದ್ದ.

'ಉಪ್ಪು ಹಚ್ಚು.'
'ಉಪ್ಪು ಬ್ಯಾಡ ಅಂದಾರ.'
'ಒಂದ್ ಚಿಟಿಕಿ, ಯಮನವ್ವ. ಯಾರು ನೋಡ್ತಾರ?'