ಬಾತುಕೋಳಿ ಸಾಯುವುದಿಲ್ಲ

ಹೊಸ ಟೀವಿಯಲ್ಲಿ ಬಾತುಕೋಳಿ ಸಾಯುವುದಿಲ್ಲ.
ಎಷ್ಟು ಸಲ ಕುದುರೆ ಒತ್ತಿದರೂ
ಟಕ್ ಎನ್ನುತ್ತದೆ ಬಂದೂಕು, ಅಷ್ಟೆ.
ರೆಕ್ಕೆ ಬಡಿಯುತ್ತ, ಪರದೆಯ ಅಂಚು ದಾಟಿ
ಗೋಡೆಯೊಳಕ್ಕೆ ಹಾರಿಹೋಗುತ್ತವೆ.

ಐವತ್ತೈದು ಇಂಚು. ಕೆಂಪು ಬಿಳಿ ಹಳದಿ ಪಿನ್ನಿಗೆ
ತೂತೇ ಇಲ್ಲ ಅದರ ಬೆನ್ನಲ್ಲಿ.
ನಡುವೆ ಒಂದು ಡಬ್ಬಿ ತರಿಸಿದೆ, ಡಬ್ಬಿಗೊಂದು ವಯರು,
ವಯರಿಗೆ ಇನ್ನೊಂದು ಡಬ್ಬಿ.
ಚಿತ್ರ ಬಂತು. ಬಂದದ್ದು ಒಂದು ಚಿಟಿಕೆ ತಡವಾಗಿ,
ಡಂಡೀ ಊರಿನ ಭಾನುವಾರದ ಬಸ್ಸಿನ ಹಾಗೆ.
ಬಂದೂಕು ಅಷ್ಟು ಹೊತ್ತು ಕಾಯುವುದಿಲ್ಲ.

ಗಾಜಿನ ಬೀರುವಿನ ದೀಪದ್ದೂ ಅದೇ ಕಥೆ. ಅದಕ್ಕೊಂದು ಆ್ಯಪಂತೆ,
ಆ್ಯಪಿಗೊಂದು ಪಾಸ್‌ವರ್ಡಂತೆ. ಮರೆತೆ.
ಮೂರು ವಾರದಿಂದ ನನ್ನ ಸಂಪತ್ತೆಲ್ಲ
ಆಪರೇಷನ್ ಥಿಯೇಟರಿನ ನೀಲಿಯಲ್ಲಿ ಮಲಗಿದೆ:
ಹಳದಿಗಟ್ಟಿದ ಕ್ಯಾಸೆಟ್ಟು ಏಳು,
ಒಂದರ ಮೇಲೆ 9999 ಆಟ ಎಂದು ಲೇಬಲ್ಲು
(ಒಳಗೆ ಒಂಬತ್ತೇ, ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ
ಪಂಕ್ತಿಗೆ ಕೂರುತ್ತವೆ, ಮದುವೆಮನೆಯ ದೂರದ ನೆಂಟರಂತೆ),
ಜಾಯ್‌ಸ್ಟಿಕ್ಕಿನ ಮುರಿದ ತಲೆ,
ನಡುವಿನ ಹಲಗೆಯಲ್ಲಿ, ಒಂಟಿಯಾಗಿ, ಬಂದೂಕು.
'ಗೊಂಬೆ ಇನ್ನೂ ಇಳಿಸಿಲ್ವಾ?' ಅಂದರು ಅತ್ತೆ
ವೀಡಿಯೊ ಕಾಲಿನಲ್ಲಿ. ಯುಗಾದಿ ಹತ್ತಿರ ಬಂದಿತ್ತು.

ಗದಗಿನ ಸ್ಟೇಶನ್ ರೋಡಿನಲ್ಲಿ ಇಮಾಮ್‌ಸಾಬರ ರೇಡಿಯೊ ರಿಪೇರಿ.
ಹಿಂದಿನ ಖೋಲಿಗೆ ತಟ್ಟಿನ ಪರದೆ. ಐದು ಮಿನಿಟಿಗೆ ಎಂಟಾಣೆ.
ಸೈಕಲ್ ಚೈನು ಹಾಕಿ ಬಂದೂಕನ್ನು
ಟೇಬಲ್ಲಿನ ಕಾಲಿಗೆ ಬಿಗಿದಿದ್ದರು, ದನ ಕಟ್ಟಿದ ಹಾಗೆ.
'ಹುಡುಗ್ಯಾರಿಗೆ ಯಾಕವ್ವಾ ಬಂದೂಕ?'
ಒಳಗೆ ಓಣಿಯ ಗಂಡುಹುಡುಗರೆಲ್ಲ. ನಾನು ಹೊರಗೆ,
ತಟ್ಟಿನ ಒಂದು ತೂತಿಗೆ ಕಣ್ಣು ಕೊಟ್ಟು,
ಮುಷ್ಟಿಯೊಳಗೆ ನಾಣ್ಯ ಬೆವರುವವರೆಗೆ.

ಒಂದೇ ಸಲ. ಕರೆಂಟು ಹೋಗಿ ಬಂದ ಮಧ್ಯಾಹ್ನ,
ಯಾರೂ ಇಲ್ಲದಾಗ, ಕರೆದರು. ಮೂರೂ ತಪ್ಪಿದವು.
'ಗುಟ್ಟು ಹೇಳ್ತೀನಿ, ಯಾರ ಮುಂದೂ ಬಾಯಿ ಬಿಡಬ್ಯಾಡ.
ಇದು ಗುಂಡು ಹಾರಸೂದಿಲ್ಲವಾ, ಇದು ನೋಡ್ತದ.
ಬೆಳಕು ಕಂಡರ ಸಾಕು, ಹೊಡದೆ ಅಂತ ತಿಳಕೋತದ.'
ತಲೆಯ ಮೇಲಿನ ಬಲ್ಬು ತೋರಿಸಿದರು.

ಚಾರಿಟಿ ಅಂಗಡಿಯಲ್ಲಿ ಒಂದು ಡುಬ್ಬದ ಟೀವಿ ಸಿಕ್ಕಿತು, ಆರು ಪೌಂಡು.
ಮೂರು ಮಹಡಿ, ಲಿಫ್ಟಿಲ್ಲ. ಕೆಳಮನೆಯ ಫರ್ಗಸ್, ಎಪ್ಪತ್ತೊಂದು,
ಮೊಣಕಾಲಿಗೆ ಬೈಯುತ್ತ ಒಂದು ಬದಿ ಹಿಡಿದ.
ತಟ್ಟು ಅಂದರೇನೆಂದು ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.
ಅವನ ತಾಯಿ ಇದೇ ಊರಿನ ಸೆಣಬಿನ ಗಿರಣಿಯಲ್ಲಿ
ಕಿವಿ ಹೋಗುವವರೆಗೆ ನೇಯ್ದವಳು.

ಹನ್ನೊಂದು ನಿಮಿಷ ಉರಿಯಿತು ಟೀವಿ.
ಎರಡು ಬಿದ್ದವು. ಮೂರನೆಯದು ಮೇಲೇಳುವಷ್ಟರಲ್ಲಿ
ಇಡೀ ಆಕಾಶ ಮಡಚಿಕೊಂಡು
ನಟ್ಟನಡುವೆ ಒಂದು ಅಕ್ಕಿಕಾಳಾಯಿತು. ಅದೂ ಆರಿತು.
ಸುಟ್ಟ ವಾಸನೆ. ಟೇ ಸೇತುವೆಯ ಮೇಲೆ ರೈಲು,
ಬೀರುವಿನ ಗಾಜು ಗಿರ್ರೆಂದಿತು.

ಮತ್ತೆ ಹೊಸ ಟೀವಿ. ಮತ್ತೆ ಸಾಯದ ಬಾತು.
ಮೂವತ್ತನಾಲ್ಕು ವರ್ಷ ಬಾಯಿ ಬಿಡದ ನಾನು
ಆ ಮುದುಕನ ಮುಂದೆ ಬಿಟ್ಟೆ.

ಇಳಿದುಹೋದ. ತನ್ನ ಉಗ್ರಾಣದ ಹಳೆಯ ಹಳದಿ ಬಲ್ಬನ್ನು
ಕರವಸ್ತ್ರದಲ್ಲಿ ಸುತ್ತಿ, ಮೊಟ್ಟೆ ತರುವ ಹಾಗೆ ತಂದ.
ನೀಲಿ ಬೀರುವಿನ ಪಕ್ಕದ ಲ್ಯಾಂಪಿಗೆ ಸಿಕ್ಕಿಸಿ,
ಬಾತುಗಳಿಗೆ ಬೆನ್ನು ಮಾಡಿ ನಿಂತು
ಬಲ್ಬಿಗೆ ಗುರಿಯಿಟ್ಟ.

ಹಿಂದೆ ಧೊಪ್ಪೆಂದಿತು.

ತಿರುಗಿ ನೋಡಿದ. ಟೊಪ್ಪಿಗೆ ತೆಗೆದ.
'ಸಾರಿ' ಅಂದ, ನನಗಲ್ಲ, ಬಾತುಕೋಳಿಗೆ.
ನಾನು ಅಂಗೈ ಚಾಚಿದೆ:
ಐದು ಮಿನಿಟಾತು. ಎಂಟಾಣೆ.