ಖಚಿತವೇ ಎಂದು ಕೇಳಿತು

ಬಿಶ್ಕೆಕ್‌ನ ಹಾಸ್ಟೆಲ್ಲಿನ ವೈಫೈಯಲ್ಲಿ
ಒಂದು ಲೋಟ ಕಪ್ಪು ಚಹಾ ಆರುವಷ್ಟರಲ್ಲಿ
ಒಂದು ದೇಶ ಫೋನಿಗೆ ಇಳಿದು ಬಂತು.
ಬೆಟ್ಟ, ಹೊಳೆ, ಕುರಿದಾರಿ, ಪೆಟ್ರೋಲ್ ಬಂಕು, ಗೋರಿಗಳ ಸಮೇತ
ನೂರೆಂಬತ್ತು ಎಂಬಿ.
ಜಾಗ ಸಾಲದೆ ಆಫೀಸಿನ ಮೇಲ್ ಅಳಿಸಿದೆ.
ಖಚಿತವೇ ಎಂದು ಎರಡು ಸಲ ಕೇಳಿತು.
ಮ್ಯಾನೇಜರು ಒಂದೇ ಸಲ ಕೇಳಿದ್ದರು.

ಹದಿನಾರು ವರ್ಷ ನಜ್ಜುಗುಜ್ಜಾದ ಕಾರುಗಳಿಗೆ ಪ್ರದಕ್ಷಿಣೆ ಹಾಕಿ
ಬಂಪರಿಗಿಷ್ಟು, ಬಾಗಿಲಿಗಿಷ್ಟು ಎಂದು
ನಷ್ಟಕ್ಕೆ ಬೆಲೆ ಕಟ್ಟಿದವಳು ನಾನು.
ಈಗ ಹನ್ನೊಂದು ತಿಂಗಳು ಸಂಬಳವಿಲ್ಲದ ರಜೆ.
ರಾತ್ರಿ ಖರ್ಚಿನ ಆ್ಯಪ್ ತೆರೆದು ಬರೆಯುತ್ತೇನೆ:
ರೊಟ್ಟಿ ಮೂವತ್ತು ಸೋಮ್, ಕಾಲುಚೀಲ ನೂರು.
ಅದು ಕೂಡಿ, ಭಾಗಿಸಿ, ತಣ್ಣಗೆ ಹೇಳುತ್ತದೆ,
ಹೀಗೇ ನಡೆದರೆ ಫೆಬ್ರವರಿ ಒಂಬತ್ತರವರೆಗೆ.

ನರಿನ್ ದಾಟಿದ ಮೇಲೆ ಸಿಗ್ನಲ್ ಎರಡು ಕಡ್ಡಿ, ಒಂದು ಕಡ್ಡಿ,
ಆಮೇಲೆ ಬರೀ ಆಕಾಶ.
ನೀಲಿ ಚುಕ್ಕೆ ಮಾತ್ರ ನಾನು ನಡೆದಂತೆ ನಡೆಯಿತು,
ನಿಂತಾಗ ನನ್ನಂತೆಯೇ ಏದುಸಿರು ಬಿಟ್ಟಿತು.

ಸಂಜೆ ಆರಕ್ಕೆ ಉಣ್ಣೆಯ ಗುಂಡು ಡೇರೆಗಳು, ಮೂರು.
ನಕ್ಷೆಯಲ್ಲಿ ಅಲ್ಲಿ ಏನೂ ಇರಲಿಲ್ಲ.
ಬುರುಲ್‌ಕಾನ್ ಅಪಾ ಬಾಗಿಲ ಕಂಬಳಿ ಎತ್ತಿ
ಮುಖಕ್ಕಿಂತ ಮೊದಲು ನನ್ನ ಬೂಟು ನೋಡಿದಳು.
ಅಪಾ ಎಂದರೆ ಅವರಲ್ಲಿ ತಾಯಿ.
ನನ್ನ ನಾಲಿಗೆಯಲ್ಲಿ ಅದು ಪ್ರತಿಸಲ
ಅಪ್ಪನ ಕಡೆಗೆ ಜಾರುತ್ತಿತ್ತು.

ಅನುವಾದದ ಆ್ಯಪ್‌ಗೆ ಅಲ್ಲಿ ಬಾಯಿ ಬರುವುದಿಲ್ಲ.
ಮೊಮ್ಮಗ ನುರ್‌ತಿಲೆಕ್‌ಗೆ ಗೊತ್ತು ಸಿಗ್ನಲ್ ಸಿಗುವ ಬಂಡೆ.
ಮಾತಾಡಬೇಕೆಂದರೆ ಮೂವರೂ ಗುಡ್ಡ ಹತ್ತಬೇಕು,
ಹೇಳಬೇಕಾದ್ದನ್ನು ಬಾಯಲ್ಲಿ ಹಿಡಿದುಕೊಂಡು.
ಅವಳು ಫೋನನ್ನು ತುಟಿಗೆ ಹಚ್ಚಿ ಕುದುರೆ ಕರೆದಂತೆ ಕೂಗಿದಳು.
ಫೋನು ಒಂದು ಗಳಿಗೆ ಯೋಚಿಸಿ
ವಾರ್ತೆ ಓದುವವಳ ದನಿಯಲ್ಲಿ ಹೇಳಿತು:
"ತಮ್ಮ ಪಾದರಕ್ಷೆಗಳು ಒದ್ದೆಯಾಗಿರುತ್ತವೆ.
ತಾವು ಮೂರ್ಖರಾಗಿರುತ್ತೀರಿ."

ನಲವತ್ತು ದಿನದ ಮೇಲೆ ಕಿವಿಗೆ ಬಿದ್ದ ಕನ್ನಡ.
ಅಷ್ಟು ಮರ್ಯಾದೆಯಿಂದ ಯಾರೂ ನನ್ನನ್ನು ಬೈದಿರಲಿಲ್ಲ.

ಮಲಗಿದ್ದಕ್ಕೆ ಒಂಬೈನೂರು, ಎಣಿಸಿಯೇ ತೆಗೆದುಕೊಂಡಳು.
ಬೂಟಿನೊಳಗೆ ತುರುಕಿಕೊಟ್ಟ ಕುರಿಯುಣ್ಣೆಗೆ ಮಾತ್ರ
ಕೈ ಅಡ್ಡ ಆಡಿಸಿದಳು.
ಖರ್ಚಿನ ಆ್ಯಪ್ ಸೊನ್ನೆಯನ್ನು ಒಪ್ಪಲಿಲ್ಲ.
ಬೆಲೆ ಕಟ್ಟುವುದೇ ಕಸುಬಾಗಿದ್ದವಳು ಬಹಳ ಹೊತ್ತು ಕೂತು
ಒಂದು ಸೋಮ್ ಎಂದು ಬರೆದೆ.

ಮೂರನೆಯ ದಿನ ನುರ್‌ತಿಲೆಕ್ ನಕ್ಷೆಯನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ
ಅಜ್ಜಿಗೆ ತೋರಿಸಿದ: ನೋಡು, ನಾವಿಲ್ಲ.
ಅಪಾ ತಮಗಾಗಿ ಏನೂ ಕೇಳಲಿಲ್ಲ. ಬುಗ್ಗೆಯನ್ನು ಹಾಕು ಎಂದಳು.
ಕಷ್ಕಾ ಬುಲಾಕ್.
ಫೋನು ಹೇಳಿತು: ಹಣೆಯಲ್ಲಿ ಬಿಳಿ ಇರುವ ನೀರು.
ಅಂಥ ಹಣೆಯ ಹೆಣ್ಣುಕುದುರೆಯೊಂದು
ಗೊರಸಿನಿಂದ ಕೆದಕಿ ಕಂಡುಕೊಂಡದ್ದಂತೆ ಅದು,
ಅವಳು ಮದುವೆಯಾಗಿ ಬಂದ ಬೇಸಿಗೆಯಲ್ಲಿ.
ಬೆರಳೊತ್ತಿ ಚುಕ್ಕೆಯಿಟ್ಟೆ. ಕುಡಿಯಬಹುದು ಎಂದು ಗುರುತು ಹಾಕಿದೆ.
ಆಧಾರವೇನು ಎಂದು ಕೇಳಿತು.
ಬುರುಲ್‌ಕಾನ್ ಹೇಳಿದ್ದು, ಎಂದೆ.
ಖಚಿತವೇ ಎಂದಿತು.

ಇದೆಲ್ಲ ಜುಲೈನ ಮಾತು.

ಈಗ ಡಿಸೆಂಬರ್. ಕುತೈಸಿಯ ಲಾಂಡ್ರಿಯಲ್ಲಿ
ಎತೆರಿ ಎಂಬಾಕೆ ಸಿಟ್ಟಿನಿಂದ ಬಾಗಿಲೊದ್ದಾಗ ಮಾತ್ರ ತಿರುಗುವ ಮಷೀನಿನೆದುರು
ನನ್ನ ಮೂರು ಅಂಗಿಗಳು ಒಗೆಸಿಕೊಳ್ಳುತ್ತಿವೆ.
ಹಣ ಜನವರಿ ಇಪ್ಪತ್ತರವರೆಗೆ, ಅಷ್ಟೆ. ಚೀಸ್ ರೊಟ್ಟಿಯ ತಪ್ಪು.
ಫೋನು ಟಿಂಗ್ ಎಂದಿತು:
ನೀವಿಟ್ಟ ಚುಕ್ಕೆಯನ್ನು ಯಾರೋ ತಿದ್ದಿದ್ದಾರೆ.

"ಆಗಸ್ಟ್ ಕಳೆದರೆ ಬತ್ತುತ್ತದೆ. ಸೆಪ್ಟೆಂಬರಲ್ಲಿ ಹೋಗಿದ್ದೆ, ಈಗ ಬರೆಯುತ್ತಿದ್ದೇನೆ.
ಕೆಳಗಿನ ತೊರೆಯನ್ನು ಮುದುಕಿಯೊಬ್ಬರು ತೋರಿಸಿದರು.
ಹುಡುಗ ಬಂಡೆಗೆ ಕರೆದುಕೊಂಡು ಹೋದ. ಚೆನ್ನಾಗಿ ಬೈಸಿಕೊಂಡೆ."

ಹೆಸರಿಲ್ಲ. ಒಂದು ಸೈಕಲ್ ಚಿತ್ರ, ಕೆಲವು ಅಂಕಿ.
ನೀನು ಯಾವ ಕೆಲಸ ಬಿಟ್ಟು ಬಂದವನೋ ಬಂದವಳೋ,
ನಿನ್ನ ಭಾಷೆಯಲ್ಲಿ ಆ ಫೋನಿನ ದನಿ
ವಾರ್ತೆ ಓದುತ್ತದೋ, ರೈಲು ಬಂತೆನ್ನುತ್ತದೋ.
ಅದಿರಲಿ,
ನಿನ್ನ ಬೂಟೂ ಒದ್ದೆಯಾಗಿತ್ತೆ?