ಕಾಲು ಬೆರಳಷ್ಟು

ಟಿಬಿಲಿಸಿಯ ಮೆಟ್ರೋದಲ್ಲಿ, ಎಸ್ಕಲೇಟರಿನ ಬುಡದಲ್ಲಿ,
ಗಾಜಿನ ಗೂಡಿನೊಳಗೆ ಕೂತು ನಾನು ಕಾಯುವುದು
ಬರೀ ಕಾಲುಗಳನ್ನು.
ಇಳಿಯುವ ಕಾಲು, ಏರುವ ಕಾಲು,
ಲೇಸು ಬಿಚ್ಚಿದ್ದನ್ನೂ ಅರಿಯದೆ ಮಾತಿಗೆ ನಿಂತ ಕಾಲು.
ಹತ್ತೊಂಬತ್ತು ವರ್ಷ.
ಕಾಲಿನ ವಿಷಯದಲ್ಲಿ ನನಗಾರೂ ಹೇಳಿಕೊಡಬೇಕಿಲ್ಲ
ಅಂದುಕೊಂಡಿದ್ದೆ.

ನವೆಂಬರಿನಲ್ಲಿ, ಅಂಗಳದ ಹಿಪ್ಪುನೇರಳೆಯ ಅಡಿಯಲ್ಲಿ,
ಮನೆ ಖಾಲಿ ಮಾಡಿದವರು ಬಿಟ್ಟುಹೋದ ಮೇಜು.
ಅಕ್ರೋಟಿನ ಮರ. ಮೇಲಿನ ವಾರ್ನಿಷ್
ಸುಟ್ಟ ಸಕ್ಕರೆಯ ಹಾಗೆ ಒಡೆದು ಎದ್ದಿತ್ತು.
ಜುಜುನಾ ಬಾಲ್ಕನಿಯಿಂದಲೇ ಕೂಗಿದಳು:
"ಒಲೆಗೆ ಹಾಕು ಮ್ಜೆವಿನಾರ್, ಎರಡು ದಿನ ಬೆಚ್ಚಗಿರ್ತೀಯ."
ಹೊತ್ತು ತಂದೆ, ಮೂರು ಮಹಡಿ,
ತಿರುವು ತಿರುವಿನಲ್ಲೂ ಅದರೊಂದಿಗೆ ಜಗಳವಾಡುತ್ತ.

ಕೆಳಮನೆಯ ಶಾಲ್ವಾ, ನಾಟಕದ ಸೆಟ್ಟಿಗಾಗಿ
ಅರಮನೆ ಸೆರೆಮನೆ ಎರಡನ್ನೂ ಒಂದೇ ಹಲಗೆಯಲ್ಲಿ ಕಟ್ಟಿದವನು,
ಬಾಗಿಲಲ್ಲೇ ನಿಂತು ಹೇಳಿದ:
ಮೊದಲು ತೊಳಿ. ಬಿಸಿನೀರು, ಸೋಪು, ಹಳೇ ಬನೀನು.
ನಲವತ್ತು ವರ್ಷದ ಜಿಡ್ಡಿನ ಮೇಲೆ ಬಣ್ಣ ಕೂರುವುದಿಲ್ಲ,
ಕೂತರೂ ನೆಂಟರ ಹಾಗೆ, ಎದ್ದು ಹೋಗುತ್ತದೆ.
ಎರಡು ದಿನ ಒಣಗಲಿ, ಬಿಸಿಲಲ್ಲಲ್ಲ, ಗಾಳಿಯಲ್ಲಿ.
ಆಮೇಲೆ ಉಪ್ಪುಕಾಗದ. ಮೊದಲು ಒರಟು, ನಂತರ ನಯ.
ಮರದ ಎಳೆ ಹೋದ ಕಡೆಗೇ ಕೈ ಹೋಗಬೇಕು,
ಬೆಕ್ಕಿನ ಬೆನ್ನು ಸವರಿದ ಹಾಗೆ.
ಅಡ್ಡ ಉಜ್ಜಿದೆಯೋ, ಗೀರು ಉಳಿಯಿತು.

ಒಂದು ಮೂಲೆಯಲ್ಲಿ ಅಡ್ಡವೇ ಉಜ್ಜಿದೆ.
ಗೀರು ಈಗಲೂ ಇದೆ. ಬ್ರೆಡ್ಡಿನ ಬುಟ್ಟಿ ಅಲ್ಲೇ ಇಡುತ್ತೇನೆ.

ಉದುರಿದ ಪುಡಿಯನ್ನೇ ಅಂಟಿನಲ್ಲಿ ಕಲಸಿ
ಬಿರುಕಿಗೆ ಮೆತ್ತಿದೆ.
ಸಡಿಲ ಕೀಲುಗಳಿಗೆ ಅಂಟು ಬಿಟ್ಟು,
ಎರಡು ಸ್ಕಾರ್ಫು ಸುತ್ತಿ, ಮರದ ಸೌಟು ಸಿಕ್ಕಿಸಿ ತಿರುಚಿ,
ರಾತ್ರಿಯಿಡೀ ಹಾಗೇ ಬಿಟ್ಟೆ.
ಬೆಳಗ್ಗೆ ಎಬ್ಬಿಸಿ ನಿಲ್ಲಿಸಿದರೆ
ಕುಂಟುತ್ತಿತ್ತು.

ಶಾಲ್ವಾ ಕುತೈಸಿಗೆ, ತಂಗಿಯ ಮನೆಗೆ ಹೋಗಿದ್ದ.
ಗರಗಸ ನನ್ನಲ್ಲೇ ಬಿಟ್ಟಿದ್ದ. ತಪ್ಪು ಅವನದೇ.

ಅಳೆದೂ ಸುರಿದೂ ಉದ್ದದ ಕಾಲಿಂದ
ಕಾಲು ಬೆರಳಷ್ಟು ಕೊಯ್ದೆ.
ಈಗ ಇನ್ನೊಂದು ಕಾಲು ಉದ್ದ.
ಅದರಿಂದಲೂ ಕಾಲು. ಮತ್ತೊಂದರಿಂದ ಅರ್ಧ.
ಅರ್ಧ ಮುಕ್ಕಾಲಾಗಿ, ಬೆರಳು ಗೇಣಾಗಿ,
ಸಂಜೆಯ ಹೊತ್ತಿಗೆ ಊಟದ ಮೇಜು
ನನ್ನ ಮೊಣಕಾಲಿಗೆ ಇಳಿದಿತ್ತು.
ಆದರೂ ಕುಂಟುತ್ತಿತ್ತು.

ಮರಳಿ ಬಂದ ಶಾಲ್ವಾ ಮೇಜನ್ನು ನೋಡಲೇ ಇಲ್ಲ.
ಕಿಸೆಯಿಂದ ಒಂದು ಅಕ್ರೋಟು ತೆಗೆದು ನೆಲದ ಮೇಲಿಟ್ಟ.
ಅದು ಒಂದು ಗಳಿಗೆ ಯೋಚಿಸಿತು.
ಆಮೇಲೆ ಉರುಳಿತು, ಕುರ್ಚಿಯಡಿ ನುಸುಳಿ,
ತೆರೆದ ಬಾಗಿಲು ದಾಟಿ, ಬಾಲ್ಕನಿಯ ಸರಳಿನ ಸಂದಿಯಿಂದ
ಅಂಗಳಕ್ಕೆ.
ಕೆಳಗೆ ಜುಜುನಾಳ ಬೈಗುಳ.
"ಮೇಜು ನೆಟ್ಟಗೇ ಇತ್ತು," ಅಂದ.
"ಮನೆಯೇ ನದಿಯ ಕಡೆಗೆ ಒಂದು ಹೆಗಲು ಇಳಿಬಿಟ್ಟು ನಿಂತಿದೆ,
ನಾವಿಬ್ಬರೂ ಹುಟ್ಟುವ ಮೊದಲಿನಿಂದ."
"ಇದನ್ನು ಮೊದಲೇ ಹೇಳಬಾರದಿತ್ತೇ?"
"ನೀನು ಕೇಳಿದ್ದು ಬಣ್ಣದ ಬಗ್ಗೆ."

ಮರುದಿನ ಗಾಜಿನ ಗೂಡಿನಲ್ಲಿ ಕೂತವಳು
ಮೊದಲ ಸಲ ಕಾಲು ಬಿಟ್ಟು
ಕಾಲಡಿಯ ಮೆಟ್ಟಿಲನ್ನು ನೋಡಿದೆ.

ಬಣ್ಣ ಹಚ್ಚಲೇ ಇಲ್ಲ ಕೊನೆಗೆ.
ಅಗಸೆ ಎಣ್ಣೆ, ತೆಳ್ಳಗೆ, ಮೂರು ಸಲ, ನಡುನಡುವೆ ಒಂದೊಂದು ದಿನ.
ಒಳಗಿಂದ ಜೇನಿನ ಬಣ್ಣ ತಾನೇ ಎದ್ದು ಬಂತು.
ಈಗ ದಿಂಬು ಹಾಕಿಕೊಂಡು ನೆಲದಲ್ಲೇ ಊಟ, ಮೂವರದೂ.
ಜುಜುನಾ ಕೂತರೆ ಎಬ್ಬಿಸಲು ಇಬ್ಬರು ಬೇಕು,
ಹಾಗಾಗಿ ಅವಳು ಬೇಗ ಏಳುವುದಿಲ್ಲ.
ಒಲೆಯ ಮಾತು ಮಾತ್ರ ಎತ್ತುವುದಿಲ್ಲ.

ಕೊಯ್ದ ಬಿಲ್ಲೆಗಳಲ್ಲಿ ಕೆಲವು
ಅಡುಗೆಮನೆಯ ಡ್ರಾಯರುಗಳಿಗೆ ಹಿಡಿಯಾಗಿವೆ.
ಎಲ್ಲಕ್ಕಿಂತ ಮೊದಲು ಕೊಯ್ದದ್ದು,
ಆ ಕಾಲು ಬೆರಳಷ್ಟರದ್ದು,
ನದಿಯ ಕಡೆಯ ಕಾಲಿನ ಅಡಿಯಲ್ಲಿದೆ.
ಮೇಜು ಅಲುಗುವುದಿಲ್ಲ.